ಫ್ರಿಜ್ಜಿನಲ್ಲಿ ಉಳಿಸಿದ ಅರ್ಧ ಬಾಟಲಿ

ಹೋದ ತಿಂಗಳು ನಾನು ರೊಟ್ಟಿ ಬಡಿಯುತ್ತಿದ್ದಾಗ ಕೆಳಗಿನ ಮನೆಯ ನೀತಾ ಬಂದಳು. ಪುಣೆ ಹತ್ತಿರದ ತಳೇಗಾಂವ ದಾಭಾಡೆಯ ನಮ್ಮ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ನಾಲ್ಕೇ. ಹೆಪ್ಪಿಗೆ ಮೊಸರು ಕೇಳುವ ಹಾಗೆ ಔಷಧಿಯನ್ನೂ ಕೇಳುತ್ತೇವೆ.

"ವೈನಿ, ರೇಣೂಗ ತಂದಿದ್ದ ಉರಿಮೂತ್ರದ ಸಿರಪ್ ಉಳದದ ಏನ್ರಿ? ನಮ್ಮ ಅಮರಗ ನಿನ್ನೆಯಿಂದ ಜ್ವರ. ಒಂದಕ್ಕ ಹೋಗುವಾಗ ಚೀರತಾನ."

"ಇಲ್ಲ. ಇದ್ದರೂ ಕೊಡಾಂಗಿಲ್ಲ."

"ಅಯ್ಯ, ಎರಡು ಚಮಚಾಕ್ಕ ಇಷ್ಟು ಜಿಪುಣತನ ಏನ್ರಿ!" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಒಲೆ ಆರಿಸಿ, ಅವಳನ್ನು ಕೂರಿಸಿ ಹೇಳಿದೆ.

ಹೋದ ವರ್ಷ ನನ್ನ ಮಗಳು ರೇಣುವಿಗೂ ಹೀಗೇ ಆಗಿತ್ತು. ಡಾಕ್ಟರು ಹತ್ತು ದಿನ ಸಿರಪ್ ಕೊಡಲು ಹೇಳಿದ್ದರು. ನಾಲ್ಕನೇ ದಿನ ಜ್ವರ ಬಿಟ್ಟಿತು. ಇನ್ನೇಕೆ ಔಷಧ ಎಂದು ನಿಲ್ಲಿಸಿ, ಉಳಿದದ್ದನ್ನು ಫ್ರಿಜ್ಜಿನ ಬಾಗಿಲಲ್ಲಿಟ್ಟೆ. ಎರಡು ತಿಂಗಳಿಗೆ ಮತ್ತೆ ಜ್ವರ ಬಂತು. ಅದೇ ಹಳೆಯ ಬಾಟಲಿಯಿಂದ ಮೂರು ದಿನ ಕೊಟ್ಟೆ. ನಾಲ್ಕನೇ ದಿನ ಮಗು ಚಳಿಗೆ ನಡುಗಿತು, ವಾಂತಿ ಮಾಡಿತು.

ಆಸ್ಪತ್ರೆಯಲ್ಲಿ ಕನ್ನಡದವರೇ ಆದ ನರ್ಸ್ ಅನ್ನಪೂರ್ಣಮ್ಮ ಕೇಳಿದರು, "ಮನೇಲಿ ಏನಾದ್ರೂ ಔಷಧಿ ಕೊಟ್ರಾಮ್ಮಾ?"

ನಾಚಿಕೆಯಿಂದ "ಇಲ್ಲ" ಎಂದೆ. ಆ ಹಳೆಯ ಸಿರಪ್ಪಿನಿಂದಾಗಿ ಮೂತ್ರದ ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ. ಯಾವ ಔಷಧ ನಾಟುತ್ತದೆಂದು ತಿಳಿಯದೆ ಎರಡು ದಿನ ಹೋದವು. ಆಮೇಲೆ ಅತ್ತು ನಿಜ ಹೇಳಿದೆ.

"ಈಗ ಆರಾಮ ಅದಾಳಲ್ರಿ?" ನೀತಾಳ ದನಿ ಸಣ್ಣದಾಗಿತ್ತು.

"ಆಡತಾಳ, ಉಣತಾಳ. ಆದರ ಒಂದು ಕಿಡ್ನಿ ಮ್ಯಾಲ ಕಲೆ ಉಳದದ. ಅದು ಹೋಗೂದಿಲ್ಲಂತ. ನನ್ನಿಂದನ ಆತು ಅಂತ ಡಾಕ್ಟರ್ ಅನ್ನಲಿಲ್ಲ. ಆದರೂ ನನಗ ಗೊತ್ತದಲ್ಲ."

ನೀತಾ ಎದ್ದಳು. "ಇವರು ಡ್ಯೂಟಿ ಮುಗಿಸಿ ಬರಲಿ, ಸಂಜೀಕ ದವಾಖಾನಿಗೆ ಹೋಗತೀವಿ."

"ಸಂಜಿ ತನಕ ಬ್ಯಾಡ. ಚಪ್ಪಲಿ ಹಾಕ್ಕೋ, ನಾನೂ ಬರತೀನಿ."

ಆಸ್ಪತ್ರೆಯಲ್ಲಿ ಅಮರನಿಗೆ ಔಷಧಿ ಕೊಡುವ ಮೊದಲೇ ಮೂತ್ರದ ಪರೀಕ್ಷೆಯಾಯಿತು. ತೂಕ ನೋಡಿ ಔಷಧಿ ಕೊಟ್ಟರು. ಔಷಧಿಯ ಕೊನೆಯ ದಿನ ನೀತಾ ಮೆಟ್ಟಿಲ ಮೇಲಿಂದಲೇ ಕೂಗಿದಳು, "ವೈನಿ, ಇವತ್ತಿಗೆ ಪೂರಾ ಆತ್ರಿ!"

ತಾಯಂದಿರೇ, ಮಗುವಿಗೆ ಮೂತ್ರ ಉರಿದರೆ, ಕಾರಣ ತಿಳಿಯದೆ ಜ್ವರ ಬಂದರೆ, ಅಂದೇ ಡಾಕ್ಟರಿಗೆ ತೋರಿಸಿ. ಹೇಳಿದಷ್ಟು ದಿನ ಔಷಧಿ ಕೊಡಿ. ಉಳಿದದ್ದನ್ನು ಇಟ್ಟುಕೊಳ್ಳಬೇಡಿ, ಹಂಚಬೇಡಿ. ಮನೆಯಲ್ಲಿ ಏನಾದರೂ ಕೊಟ್ಟಿದ್ದರೆ, ನಾನು ಹೇಳದೆ ಹೋದ ಆ ಮಾತನ್ನು ನೀವು ಮೊದಲೇ ಹೇಳಿಬಿಡಿ.