ಗೇಟ್ ಶಿವಕುಮಾರಪ್ಪ

"ಅಮ್ಮಾ, ಅಲ್ಲಿ ಗೇಟೇ ಇಲ್ವಲ್ಲ, ಗೇಟಜ್ಜ ಯಾರಿಗೆ ಕೈ ಅಡ್ಡ ಹಿಡೀತಾನೆ?" ಎಂದು ಮಗಳು ಕೇಳಿದಾಗ ನಾನು ಅವಳ ಜಡೆ ಹೆಣೆಯುತ್ತಿದ್ದೆ. ಕಿಟಕಿಯಾಚೆ ಅದಿರು ತುಂಬಿದ ಗೂಡ್ಸ್ ರೈಲು ಹೋಗುತ್ತಿತ್ತು. ಗೇಟಿದ್ದ ಜಾಗಕ್ಕೆ ಕಟ್ಟಿದ ಗೋಡೆಯ ಮುಂದೆ, ಗುಂಡಿ ಕಿತ್ತುಹೋದ ನೀಲಿ ಕೋಟು ತೊಟ್ಟ ಹಳೆಯ ರೈಲ್ವೆ ಗೇಟ್‌ಮನ್ ಶಿವಕುಮಾರಪ್ಪನವರು ಅಂಗೈ ಎತ್ತಿ, ಬಾರದ ಬಂಡಿಗಳನ್ನು ತಡೆದು ನಿಂತಿದ್ದರು. ಅಭ್ಯಾಸ ಕಣೆ, ಎಂದೆ. ಅಷ್ಟೇ ಅಲ್ಲವೆಂದು ನನಗೆ ಗೊತ್ತು.

ಗೇಟಿನ ಚಕ್ರ ತಿರುವಿ ತಿರುವಿ ಅವರ ಬಲಹೆಗಲು ಜಗ್ಗಿದೆ. ನಡೆಯುವಾಗ ಕಾಣದ ಕೊಡವೊಂದನ್ನು ಹಿಡಿದವರಂತೆ ವಾಲುತ್ತಾರೆ. ಯಾವ ಮಾತಿಗೂ ಮೊದಲು "ತಡೀರಿ" ಎನ್ನಲೇಬೇಕು. ಹೊಳಲ್ಕೆರೆ ಸೀಮೆಯ ಈ ಪುಟ್ಟ ಊರಿನ ಚರಿತ್ರೆಯನ್ನು ಅವರಷ್ಟು ಕಹಿಯಾಗಿ ಹೇಳುವವರಿಲ್ಲ: ಉಗಿಬಂಡಿ ನೀರಿಗೆಂದು ನಿಂತಿತು, ನಿಂತದ್ದರಿಂದ ಹಳಿಯ ಮೂಡಣಕ್ಕೆ ಶೇಂಗಾ ಗೋದಾಮು, ಖಾನಾವಳಿ, ಒಂದು ಪೇಟೆಯೇ ಎದ್ದಿತು, ಈಗ ಯಾವ ಬಂಡಿಯೂ ನಿಲ್ಲುವುದಿಲ್ಲ, ಗೋದಾಮಿನೊಳಗೆ ಜಾಲಿ ಬೆಳೆದಿದೆ, ಹಳೆಯ ಊರೂ ರುದ್ರಭೂಮಿಯೂ ಮಾತ್ರ ಪಡುವಣದಲ್ಲೇ ಉಳಿದಿವೆ.

ಗೇಟು ಮುಚ್ಚಿ ಅಂಡರ್‌ಪಾಸ್ ಮಾಡುತ್ತೇವೆಂದು ಅಧಿಕಾರಿಗಳು ಬಂದಾಗ ಊರು ಅನುಮಾನಿಸಿತು. ಬಿಸಿಲಲ್ಲಿ ಕಾದು ನಿಂತವರ ಬೈಗುಳವನ್ನು ಸೇವೆಯುದ್ದಕ್ಕೂ ಉಂಡಿದ್ದ ಶಿವಕುಮಾರಪ್ಪನವರೇ ಎದ್ದು, ಇನ್ನು ಯಾರೂ ಕಾಯುವುದು ಬೇಡ, ಒಪ್ಪಿಕೊಳ್ಳಿ ಎಂದರು. ಅವರ ಮಾತೆಂದು ಊರು ಒಪ್ಪಿತು. ಆದದ್ದು ತಗ್ಗು ಛಾವಣಿಯ ಕಾಂಕ್ರೀಟ್ ಪೆಟ್ಟಿಗೆ. ಮಳೆ ಬಂದರೆ ಮೊಣಕಾಲುದ್ದ ನೀರು. ಚಹಾದಂಗಡಿಯ ತಿಪ್ಪೇಶ್ ಕೆಣಕದ ದಿನವಿಲ್ಲ: "ಏನಜ್ಜ, ಇವತ್ತು ದೋಣಿ ಎಷ್ಟೊತ್ತಿಗೆ?"

"ತಡೀರಿ, ಮೊದ್ಲು ನಿಮ್ಮಪ್ಪಂದು ಪಾಳಿ ಐತೆ."

ಹೋದ ಆಶ್ವೀಜದಲ್ಲಿ ಅವರ ಹೆಂಡತಿ ಮರುಳಸಿದ್ದಮ್ಮ ಲಿಂಗೈಕ್ಯರಾದರು. ಅವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ವಿಮಾನದಲ್ಲಿ ಕೂಡಿಸಿ ಹೊರುತ್ತಾರೆ, ಕುಳಿತಂತೆಯೇ ಮಣ್ಣಿಗಿಳಿಸುತ್ತಾರೆ. ಹಿಂದೆ ಅಂಥ ವಿಮಾನ ಬಂದರೆ ಇವರು ಗೇಟು ಎತ್ತಿ, ಟೋಪಿ ತೆಗೆದು ನಿಲ್ಲುತ್ತಿದ್ದರಂತೆ. ಅಂದು ಪಡುವಣದ ರುದ್ರಭೂಮಿಗೆ ಹೋಗುವಾಗ ವಿಮಾನದ ಕಮಾನು ಅಂಡರ್‌ಪಾಸಿನ ಛಾವಣಿಗೆ ತಾಗಿತು. ಹೂವು, ಬಾಳೆಕಂದು ಕಿತ್ತರು, ಸಾಲಲಿಲ್ಲ. ಕೊನೆಗೆ ವಿಮಾನವನ್ನೇ ಹಿಂದಕ್ಕೆ ವಾಲಿಸಿ ನೀರಿಗಿಳಿದರು. ಆಯಮ್ಮನ ಕತ್ತು ಒಂದು ಪಕ್ಕಕ್ಕೆ ಹೊರಳಿತು. ಹೆಗಲು ಕೊಟ್ಟಿದ್ದ ಮಗ ನಾಗಭೂಷಣ ತಿರುಗಿ ಅಪ್ಪನನ್ನು ನೋಡಿದ ನೋಟವನ್ನು, ಮಗಳ ಕಣ್ಣಿಗೆ ಸೆರಗು ಅಡ್ಡ ಹಿಡಿದು ನಿಂತಿದ್ದ ನಾನೂ ಕಂಡೆ. ಆಮೇಲೆ ಆ ಮನೆಯಲ್ಲಿ ಅಪ್ಪ ಮಗನಿಗೆ ಮಾತಿಲ್ಲ.

ಊರಿಗೆ ಕೆಡುಕು ಬಗೆದವರಿಗಾದರೂ ಒಂದು ದಿನ ಹಾರ ಬಿದ್ದೀತು. ಒಳಿತು ಬಯಸಿ ತಪ್ಪಿದವರನ್ನು ಊರು ಕ್ಷಮಿಸುವುದಿಲ್ಲ. ಅಂಥವರು ಊರು ವಿಧಿಸಿದ ದಂಡನೆ ಸಾಲದೆಂದು ತಮ್ಮ ಪಾಲಿಗೆ ಇನ್ನಷ್ಟು ಸೇರಿಸಿಕೊಂಡು ಬದುಕುತ್ತಾರೆ.

ನಿನ್ನೆ ಶಿವಕುಮಾರಪ್ಪನವರು ನುಗ್ಗೆಸೊಪ್ಪು ಕೊಡುವ ನೆವದಲ್ಲಿ ಬಂದರು. ಕುರ್ಚಿ ಹಾಕಿದರೂ ಹೊಸಿಲಾಚೆಯೇ ನಿಂತರು.

"ನಾಗಭೂಷಣಂಗೆ ನೀವು ಅಕ್ಕ ಇದ್ದಂಗೆ, ತಾಯಿ. ನನ್ ಮಾತು ಕೇಳಲ್ಲ, ನಿಮ್ದು ಕೇಳ್ತಾನೆ. ನಾನು ಹೋದ ದಿನ ಅವನಿಗೆ ಒಂದು ಮಾತು ಹೇಳ್ರಿ. ನನಗೆ ವಿಮಾನ ಕಟ್ಟಬ್ಯಾಡ. ಮಲಗಿಸ್ಕಂಡೇ ಹೋಗ್ಲಿ."