ಹತ್ತರಲ್ಲಿ ಎಷ್ಟು

ಕ್ಯಾನ್ಸರ್ ವಾರ್ಡಿನಲ್ಲಿ ಇಪ್ಪತ್ತೆಂಟು ಹಾಸಿಗೆ, ಹಗಲು ಪಾಳಿಗೆ ಇಬ್ಬರೇ ನರ್ಸುಗಳು. ಅವರಲ್ಲಿ ಚಿಕ್ಕವಳನ್ನು ಎಲ್ಲರೂ ನಗು ಸಿಸ್ಟರ್ ಎನ್ನುತ್ತಿದ್ದರು. ಹೆಸರು ಬಂದದ್ದು ಏಳು ವರ್ಷದ ಹಿಂದೆ. ನಗು ಯಾವಾಗಲೋ ಹೋಗಿತ್ತು, ಹೆಸರು ಮಾತ್ರ ಉಳಿದಿತ್ತು. ಹೋದ ವಾರ ಆಸ್ಪತ್ರೆಯವರು ನರ್ಸುಗಳಿಗೆಂದು ಮನೋಸ್ಥೈರ್ಯದ ಬಗ್ಗೆ ಉಪನ್ಯಾಸ ಇಟ್ಟಿದ್ದರು. ವಾರ್ಡು ನೋಡಿಕೊಳ್ಳಲು ಬದಲಿ ಸಿಗದೆ ಇವಳು ಹೋಗಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದು ಜೊತೆಯ ಹಿರಿಯ ನರ್ಸು ದೊಡ್ಡಕ್ಕ ಗೊಣಗಿದ್ದಷ್ಟೇ ಇವಳಿಗೆ ದಕ್ಕಿದ ಉಪನ್ಯಾಸ.

ಅಲ್ಲಿ ನೋವನ್ನು ಅಂಕಿಯಲ್ಲಿ ಕೇಳುತ್ತಾರೆ. ಸೊನ್ನೆ ಎಂದರೆ ಏನೂ ಇಲ್ಲ, ಹತ್ತೆಂದರೆ ತಡೆಯಲಾಗದ್ದು. ನರ್ಸು ಬರೆದ ಅಂಕಿ ನೋಡಿ ಡಾಕ್ಟರು ಔಷಧಿ ಏರಿಸುತ್ತಾರೆ, ಇಳಿಸುತ್ತಾರೆ. ಕಿಟಕಿ ಪಕ್ಕದ ದರ್ಜಿ ಒಂಬತ್ತು ದಿನದಿಂದ ಎರಡೇ ಹೇಳುತ್ತಿದ್ದರು. ಬೆನ್ನುಮೂಳೆಗೆ ಇಳಿದ ಕ್ಯಾನ್ಸರಿಗೆ ಎರಡು! ಮೊದಲಾಗಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು. ಈಗ ಬಂದದ್ದು ಸಮಾಧಾನ. ಒಬ್ಬರಾದರೂ ಸುಲಭದವರು ಸಿಕ್ಕರಲ್ಲ ಎಂದುಕೊಂಡು, ಬರೆದು, ಮುಂದೆ ಹೋಗುತ್ತಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ದರ್ಜಿಯ ಹೆಂಡತಿ ಔಷಧಿ ಗಾಡಿಗೆ ಅಡ್ಡ ನಿಂತರು. ಕೈಯಲ್ಲೊಂದು ಟವೆಲ್. ಅದರ ಅಂಚೆಲ್ಲ ಹಲ್ಲಿನ ಗುರುತು, ಅಲ್ಲಲ್ಲಿ ಹರಿದೂ ಇತ್ತು.

"ನಾನ್ ಹೇಳ್ದೆ ಅನ್ಬೇಡಿ ಸಿಸ್ಟರ್. ನೀವು ಆ ಕಡೆ ತಿರುಗಿದ ಕೂಡ್ಲೇ ಇದನ್ನ ಕಚ್ಕೋತಾರೆ. ನನ್ ಕೈಲಿ ನೋಡೋಕಾಗಲ್ಲ."

ಅವಳು ಗಾಡಿ ಅಲ್ಲೇ ಬಿಟ್ಟು ಹೋಗಿ ದರ್ಜಿಯ ಪಕ್ಕ ಕೂತಳು.

"ಯಾಕೆ ಯಜಮಾನ್ರೇ ಸುಳ್ಳು ಹೇಳಿದ್ರಿ?"

ದರ್ಜಿ ಸಿಕ್ಕಿಬಿದ್ದವರ ಹಾಗೆ ನಕ್ಕರು. "ಬಂದ ದಿನ ಎಂಟು ಅಂದಿದ್ದೆ ಕಣಮ್ಮ. ನೀನು ಗೋಡೆಗೊರಗಿ ಕಣ್ಣು ಮುಚ್ಕೊಂಡೆ. 'ಅಯ್ಯೋ, ಇದೊಂದು ಬಾಕಿ ಇತ್ತು' ಅಂದೆ. ಪಾಪ, ನನ್ ಮಗಳ ವಯಸ್ಸು. ಇದನ್ನೂ ಯಾಕೆ ತಲೆ ಮೇಲೆ ಹೊರಿಸ್ಲಿ ಅಂತ ಆಗ್ಲೇ ಎರಡು ಅಂದ್ಬಿಟ್ಟೆ."

ಅವಳಿಗೆ ಅದರ ನೆನಪೇ ಇರಲಿಲ್ಲ. ಕಣ್ಣು ಮುಚ್ಚಿದ್ದು, ಆ ಮಾತಾಡಿದ್ದು, ಯಾವುದೂ. ಇವಳ ಒಂದು ಗಳಿಗೆಯ ದಣಿವಿಗೆ ಈ ಮನುಷ್ಯ ಒಂಬತ್ತು ದಿನ ಹಲ್ಲು ಕಚ್ಚಿ ದಂಡ ತೆತ್ತಿದ್ದರು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

"ಈಗ ನಿಜ ಹೇಳಿ. ಎಷ್ಟು?"

"ಒಂಬತ್ತು," ಎಂದು ಅವರು ಕಿಟಕಿ ಕಡೆ ಮುಖ ತಿರುಗಿಸಿದರು.

ಅವಳು ಡಾಕ್ಟರನ್ನು ಹಿಡಿದು ತಂದಳು. ಡೋಸು ಏರಿತು. ಅರ್ಧ ಗಂಟೆಯಲ್ಲಿ ದರ್ಜಿಯ ಬಿಗಿದ ದವಡೆ ಸಡಿಲಾಗಿ ಗೊರಕೆ ಶುರುವಾಯಿತು. ಹೆಂಡತಿ ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. "ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ." ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಇದು ಗಾಯದ ಮೇಲೆ ಬರೆ ಎಳೆದ ಹಾಗಾಯಿತು.

ಗಾಡಿಗೆ ಮರಳಿ ಉಳಿದವರ ಹಾಳೆಗಳನ್ನು ತಿರುವಿದಳು. ಎರಡು, ಮೂರು, ಒಂದು, ಎರಡು. ಎಲ್ಲ ಅವಳದೇ ಕೈಬರಹ. ಇದರಲ್ಲಿ ನಿಜ ಯಾವುದು, ತನ್ನ ಮುಖ ನೋಡಿ ಹೇಳಿದ್ದು ಯಾವುದು ಎಂದು ಯಾರನ್ನು ಕೇಳುವುದು? ಶೌಚಾಲಯದ ಕದ ಹಾಕಿಕೊಂಡು ಜೋರಾಗಿ ಅಳಬೇಕೆನ್ನಿಸಿತು. ಅದಕ್ಕೂ ಪುರುಸೊತ್ತು ಬೇಕಲ್ಲ.

"ಹದಿನಾರಕ್ಕೆ ಹೊಸಬರು ಬಂದಿದ್ದಾರೆ, ನೋಡ್ಕೊಳ್ಳೇ," ಎಂದು ದೊಡ್ಡಕ್ಕ ಕೂಗಿದಳು.

ಮುಖಕ್ಕೆ ನೀರು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋದಳು. ಹದಿನಾರರಲ್ಲಿ ಒಬ್ಬ ಅಜ್ಜಿ. ಮಂಚದ ಕಂಬಿ ಹಿಡಿದಿದ್ದ ಅವರ ಬೆರಳುಗಳು ಬಿಳಿಚಿಕೊಂಡಿದ್ದವು.

"ನೋವು ಹತ್ತರಲ್ಲಿ ಎಷ್ಟು ಅಜ್ಜಿ? ಇದ್ದಿದ್ದು ಇದ್ದ ಹಾಗೆ ಹೇಳಿ. ನನಗೇನೂ ಬೇಜಾರಿಲ್ಲ, ಸುಸ್ತೂ ಇಲ್ಲ."

ಅಜ್ಜಿ ಅವಳ ಮುಖವನ್ನು, ಕಣ್ಣ ಕೆಳಗಿನ ಕಪ್ಪನ್ನು, ಪೆನ್ನು ಹಿಡಿದ ಕೈಯನ್ನು ನಿಧಾನವಾಗಿ ನೋಡಿದರು.

"ಮೂರು ಅಂತ ಬರ್ಕೋ ಮಗಳೇ," ಎಂದರು.