ಉಪ್ಪುನೀರಿನ ವೀಳ್ಯದೆಲೆ

ನನ್ನ ಅಪ್ಪ, ಊರವರು ಗೌರವದಿಂದ ಪಾ ಗಿಯಾರ್ತೊ ಎಂದು ಕರೆಯುವವರು, ಕೋತಗೆಡೆ ಊರಿನ ಬೆಳ್ಳಿ ಕೆಲಸಗಾರರು. ಬೆಳ್ಳಿ ಬಡಿದು ಬಡಿದು ಅವರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿದೆ. ಅವರ ಮಗಳು ವುರಿಯಾದ ನಾನು ಅದೇ ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಮಾಡುವವಳು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ವಿಷದ ರಾಸಾಯನಿಕಗಳ ತಂಟೆಗೆ ಹೋಗದೆ ಎಲೆಯ ಕಷಾಯದಿಂದಲೇ ಕೆಲಸ ಸಾಧಿಸುವುದು ನಮ್ಮ ದಾರಿ. ಬೆಳ್ಳಿ ಕರಗಿಸಿದ ತಿಳಿನೀರಿಗೆ ಕಷಾಯ ಹನಿಸಿ ಬೆಚ್ಚಗಿಟ್ಟರೆ, ನೀರು ಮೆಲ್ಲಗೆ ಹಳದಿಯಾಗಿ ಆಮೇಲೆ ಕಂದಾಗುತ್ತದೆ. ಆ ಬಣ್ಣ ಬಂತೆಂದರೆ ಕಣ ಹುಟ್ಟಿದೆ ಎಂದರ್ಥ. ಅಪ್ಪ ಇದನ್ನು ಎಂದೂ ಒಪ್ಪಲಿಲ್ಲ. "ಕೈಯಲ್ಲಿ ಹಿಡಿಯೋಕೆ ಆಗದ್ದು ಎಂಥಾ ಬೆಳ್ಳಿ?" ಎನ್ನುತ್ತಿದ್ದರು.

ಅಮ್ಮನಿಗೆ ಸಕ್ಕರೆ ಕಾಯಿಲೆಯಿಂದ ಪಾದದಲ್ಲಿ ಹುಣ್ಣಾಗಿತ್ತು. ಬಾವಿಯ ಪಕ್ಕ ತಾನೇ ನೆಟ್ಟ ವೀಳ್ಯದೆಲೆ ಬಳ್ಳಿಯಿಂದ ಎಲೆ ಕೊಯ್ದು, ಕುದಿಸಿ, ಆ ನೀರಿನಲ್ಲಿ ಹುಣ್ಣು ತೊಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿಯೇ ನನಗೆ ಆ ಎಲೆಯಿಂದ ಬೆಳ್ಳಿಯ ಕಣ ಮಾಡಿ, ಕೀವಾಗದಂತೆ ಹುಣ್ಣಿಗೆ ಕಟ್ಟುವ ಬಟ್ಟೆಗೆ ಹೀರಿಸಬೇಕೆಂಬ ಹುಚ್ಚು ಹಿಡಿದದ್ದು. ಅಪ್ಪ ಗೊಣಗುತ್ತಲೇ ಎಲೆ ಕಿತ್ತು ಬಾಳೆಲೆಯಲ್ಲಿ ಕಟ್ಟಿ ಕೊಡುತ್ತಿದ್ದರು. ಆದರೆ ಪ್ರಯೋಗಾಲಯದಲ್ಲಿ ಪ್ರತಿ ಸಲವೂ ನೀರು ಒಡೆದ ಹಾಲಿನಂತೆ ಬೆಳ್ಳಗೆ ಗರಣೆಗಟ್ಟುತ್ತಿತ್ತು. ಆ ಹಿತ್ತಲಿನ ಮಣ್ಣೇ ಸವುಳು ಎಂದು ನಾನು ತೀರ್ಮಾನಿಸಿಬಿಟ್ಟೆ. "ಹಿತ್ತಲ ಗಿಡ ಮದ್ದಲ್ಲ ಅನ್ನೋದು ಸುಳ್ಳಲ್ಲ, ಈ ಬಳ್ಳಿ ಕೆಲಸಕ್ಕೆ ಬಾರದ್ದು" ಎಂದು ಒಂದು ದಿನ ಅಮ್ಮನ ಎದುರಿಗೇ ಸಿಡುಕಿದೆ. ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

ಅಮ್ಮ ಹೋದ ಮೇಲೆ ಬೇರೆ ಊರಿನ ಎಲೆ ತಂದು ಮಾಡಿದೆ, ಮೊದಲ ಸಲಕ್ಕೇ ಬಣ್ಣ ಬಂತು. ಅಪ್ಪ ಮಾತ್ರ ಆ ಬಳ್ಳಿಗೆ ದಿನವೂ ನೀರು ಹಾಕುವುದನ್ನು ಬಿಡಲಿಲ್ಲ.

ಅಮ್ಮ ತೀರಿ ಸಾವಿರ ದಿನ ತುಂಬಿದಾಗ ಮಾಡುವ ಪ್ರಾರ್ಥನೆ ಹತ್ತಿರವಾಯಿತು. ಅದಾದ ಮೇಲೆ ಗೋರಿಗೆ ಕಲ್ಲು ನಿಲ್ಲಿಸುವುದು ನಮ್ಮಲ್ಲಿನ ರೂಢಿ. ಆಗ ಅಪ್ಪ ಅಮ್ಮ ಮುಡಿಗೆ ಸಿಕ್ಕಿಸುತ್ತಿದ್ದ ಬೆಳ್ಳಿ ಕಡ್ಡಿಯನ್ನು ನನ್ನ ಕೈಗೆ ಕೊಟ್ಟರು. ಮದುವೆಗೆಂದು ಅವರೇ ಮಾಡಿದ್ದು, ತುದಿಯಲ್ಲಿ ಮಲ್ಲಿಗೆ ಮೊಗ್ಗು.

"ಇದನ್ನ ಕರಗಿಸು, ವುರಿ. ಅವಳ ಬೆಳ್ಳಿ, ಅವಳ ಬಳ್ಳಿ. ಕಲ್ಲು ನಿಲ್ಸೋಕೆ ಮುಂಚೆ ಒಂದು ಸಲ ಆ ಬಣ್ಣ ನಾನು ನೋಡಬೇಕು."

"ಬಾಪಾ, ಕರಗಿದ ಮೇಲೆ ಈ ಮೊಗ್ಗು ವಾಪಸ್ ಬರಲ್ಲ."

"ಬೆಳ್ಳಿ ವಿಷಯ ನನಗೆ ಹೇಳಿಕೊಡ್ತೀಯಾ?"

ಆ ಬಳ್ಳಿಯ ಮೇಲೆ ನಂಬಿಕೆ ಇಲ್ಲದಿದ್ದರೂ ಎದೆ ಗಟ್ಟಿ ಮಾಡಿಕೊಂಡು ಪ್ರಯೋಗಾಲಯದಲ್ಲಿ ಕಡ್ಡಿಯನ್ನು ಕರಗಿಸಿದೆ. ಗಟ್ಟಿತನಕ್ಕೆಂದು ಅಪ್ಪ ಬೆರೆಸಿದ್ದ ತಾಮ್ರವನ್ನು ಬೇರೆ ಮಾಡಿ, ಉಳಿದ ತಿಳಿಯನ್ನು ಕಂದು ಸೀಸೆಯಲ್ಲಿ ಮನೆಗೆ ತಂದೆ. ಬೇಕಾದದ್ದು ಅದರಲ್ಲಿ ಕೆಲವೇ ಹನಿ. ಆದರೂ ಆ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ಅಮ್ಮನನ್ನೇ ಹೊತ್ತು ತಂದಂತಾಯಿತು.

ಅಡುಗೆಮನೆಯಲ್ಲಿ ಅಮ್ಮನ ತಂಗಿ, ನನ್ನ ಬುಲಿಕ್ ಸಮಿರಾ, ಪ್ರಾರ್ಥನೆಗೆ ಬರುವವರಿಗೆಂದು ಅಕ್ಕಿಹಿಟ್ಟಿನ ಆಪೆಮ್ ಬೇಯಿಸುತ್ತಿದ್ದಳು.

"ಬಂದ್ರಪ್ಪ ಪ್ರೊಫೆಸರಮ್ಮ. ಇಷ್ಟು ಓದಿ ಕೊನೆಗೆ ಎಲೆ ಬೇಯಿಸೋದೇ ಆಯ್ತಲ್ಲೇ."

"ನಿಮ್ಮ ಒಲೆ ಒಂದು ಗಳಿಗೆ ಬಿಟ್ಟುಕೊಡಿ ಬುಲಿಕ್, ಬೈಗುಳ ಆಮೇಲೆ."

ತೊಳೆದಿಟ್ಟ ಎಲೆ ಬುಟ್ಟಿಯಲ್ಲಿ ಸಿದ್ಧವಾಗಿತ್ತು. ನಾನು ತಂದಿದ್ದ ಶುದ್ಧ ನೀರಿನಲ್ಲಿ ಕುದಿಸಿ, ಸೋಸಿ, ಬೆಳ್ಳಿಯ ನೀರಿಗೆ ಹನಿಸಿದೆ. ಅಪ್ಪ ಕನ್ನಡಕ ಒರೆಸಿಕೊಂಡು ಬಗ್ಗಿದರು. ಹನಿ ಬಿದ್ದಲ್ಲೇ ಬಿಳಿ ಮೋಡ ಎದ್ದಿತು. ನೋಡುತ್ತಿದ್ದಂತೆ ಗಾಜಿನ ತುಂಬ ಬೆಳ್ಳನೆ ಗರಣೆ ತುಂಬಿ ತಳಕ್ಕಿಳಿಯಿತು.

"ಇದೇ ಬಣ್ಣವಾ?" ಎಂದರು ಅಪ್ಪ.

ನಾನು ಅಲ್ಲವೆಂದು ತಲೆಯಾಡಿಸಿದೆ.

"ಹಂಗಾದ್ರೆ ಅವಳ ಬಳ್ಳಿ ನಿಜವಾಗ್ಲೂ ಕೆಲಸಕ್ಕೆ ಬಾರದ್ದೇ," ಎಂದು ಅಪ್ಪ ಕುಸಿದು ಕೂತರು.

ಬುಲಿಕ್‌ಗೆ ಸಿಟ್ಟು ಬಂತು. "ಬಳ್ಳಿಗೆ ಏನಾಗಿದೆ ಭಾವ? ಎಲೆಯೇನು ಕೊಳಕಾಗಿತ್ತಾ? ಬೆಳಗಿನ ನಮಾಜು ಮುಗಿಸಿದ್ದೇ ಬಾವಿಕಟ್ಟೇಲಿ ಕೂತು, ಹಿಡಿ ಉಪ್ಪು ಹಾಕಿ ನೆನೆಸಿ ತೊಳೆದಿಟ್ಟೋರು ನೀವೇ ಅಲ್ವಾ? ಅಕ್ಕ ಕೂಡ ಅಷ್ಟು ಅಚ್ಚುಕಟ್ಟಾಗಿ ತೊಳೀತಿರಲಿಲ್ಲ."

ಉಪ್ಪು. ಸೊಪ್ಪಿನ ಹುಳ ಬಿಡಿಸಲು ಉಪ್ಪುನೀರಲ್ಲಿ ನೆನೆಸುವುದು ನಮ್ಮ ಮನೆಗಳಲ್ಲಿ ಉಸಿರಾಡಿದಷ್ಟು ಸಹಜ. ಉಪ್ಪು ತಾಗಿದರೆ ಬೆಳ್ಳಿ ಹೀಗೆ ಬೆಳ್ಳಗೆ ಒಡೆಯುತ್ತದೆ ಎನ್ನುವುದು ನಾನು ಮೊದಲ ವರ್ಷದ ಮಕ್ಕಳಿಗೆ ಹೇಳುವ ಪಾಠ.

ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು. "ಉಪ್ಪು ಹಾಕಬಾರದಿತ್ತಾ?"

"ಹೂಂ ಬಾಪಾ. ಪರವಾಗಿಲ್ಲ, ಬೇರೆ ಎಲೆ ಕೀಳೋಣ."

"ಅವಳಿದ್ದಾಗ್ಲೂ ನಾನೇ ಹೀಗೇ ತೊಳೆದು ಕಟ್ಟಿಕೊಡ್ತಿದ್ದೆ. ಹುಣ್ಣಿಗೆ ಹಾಕೋದು, ಚೊಕ್ಕಟ ಇರಲಿ ಅಂತ."

"ಆಗ ನಾನು ಮತ್ತೆ ಚೆನ್ನಾಗಿ ತೊಳ್ಕೊಳ್ತಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

ಹೇಳುವಾಗ ನನ್ನ ಕಣ್ಣು ಒಲೆಯ ಮೇಲಿತ್ತು. ಬುಲಿಕ್ ಹಿಟ್ಟು ಕಲಸತೊಡಗಿದಳು. ಅಪ್ಪ ಆ ಚಪ್ಪಟೆ ಹೆಬ್ಬೆರಳಿನಿಂದ ಗಾಜನ್ನು ಮೆಲ್ಲಗೆ ಸವರಿದರು.

"ಬೆಳ್ಳಿಗೆ ಬೆರಕೆ ಹಾಕಿ ತಂದೋರನ್ನ ನಾನು ಮುಖ ನೋಡೇ ಹಿಡೀತಿದ್ದೆ, ವುರಿ. ಸುಳ್ಳು ಹೇಳ್ತಿದ್ದೀಯ. ನನ್ನ ಮೇಲಿನ ಪ್ರೀತಿಗೇ ಹೇಳ್ತಿದ್ದೀಯ, ಗೊತ್ತು. ಆದ್ರೆ ಅದು ನನ್ನ ಭಾರ. ನನಗೇ ಕೊಡು."

ನಾನು ಅವರ ಕಡೆ ತಿರುಗಿದೆ. "ಹೌದು ಬಾಪಾ. ಆಗ್ಲೂ ಉಪ್ಪೇ. ಆದ್ರೆ ಅದು ಸರಿಯಾಗಿ ಬಂದಿದ್ರೂ ಅಮ್ಮನ ಕಾಲಿಗೆ ಕಟ್ಟೋಕೆ ಆಗ್ತಿರಲಿಲ್ಲ. ಪರೀಕ್ಷೆ, ಒಪ್ಪಿಗೆ ಅಂತ ವರ್ಷಗಟ್ಟಲೆ ಹಿಡಿಯುತ್ತೆ. ಇದು ಸುಳ್ಳಲ್ಲ."

ಅಪ್ಪ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಇದು ಸುಳ್ಳಲ್ಲ," ಎಂದು ಅವರೂ ಹೇಳಿದರು. ಎದ್ದು ಬಾವಿಯ ಕಡೆ ನಡೆದರು.

ಹೊಸ ಎಲೆಯನ್ನು ಅವರೇ ಕಿತ್ತರು, ನಾನು ತಂದಿದ್ದ ಅದೇ ಶುದ್ಧ ನೀರಿನಲ್ಲಿ ಅವರೇ ತೊಳೆದರು, ಮಗುವಿನ ಮುಖ ತೊಳೆದ ಹಾಗೆ ಒಂದೊಂದಾಗಿ. ಈ ಸಲ ಕುದಿಸಿ, ಸೋಸಿ ಹನಿಸಿದಾಗ ಬೆಳ್ಳಿಯ ನೀರು ತಿಳಿಯಾಗಿಯೇ ಉಳಿಯಿತು. ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೂವರೂ ಕಾದೆವು. ಆಪೆಮ್ ಕೆಳಗಿಳಿಯುವ ಹೊತ್ತಿಗೆ ತೆಳು ಹಳದಿ ಕಂಡಿತು. ಅದು ಗಾಢವಾಗುತ್ತಾ ತಾಳೆಬೆಲ್ಲದ ಪಾಕದ ಬಣ್ಣಕ್ಕೆ ಬಂತು. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತರು. ಹೊಗಳಲಿಲ್ಲ, ಅಳಲೂ ಇಲ್ಲ. ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದರು.

ಮರುದಿನ ಬೆಳಿಗ್ಗೆ ಗೋರಿಗೆ ಕಲ್ಲು ನಿಲ್ಲಿಸಿ, ದುವಾ ಮುಗಿಸಿ, ಹೂವೆರಚಿ ಎಲ್ಲರೂ ಹೊರಟರು. ಅಪ್ಪ ಬರಲಿಲ್ಲವೆಂದು ನಾನು ಹಿಂದಿರುಗಿ ಹೋದೆ. ಅವರು ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಬಂದದ್ದು ಅವರಿಗೆ ತಿಳಿಯಲಿಲ್ಲ.

"ನಿನ್ನ ಬಳ್ಳಿ ಒಳ್ಳೇದೇ ಇತ್ತು ಕಣೇ," ಎನ್ನುತ್ತಿದ್ದರು. "ಉಪ್ಪು ಹಾಕಿದ್ದು ನಾನು."